ಅಕ್ಕನ ಕಣ್ಣು ತಪ್ಪಿಸಿದ ಹುಲ್ಲು

ನಮ್ಮಕ್ಕನನ್ನು ಊರಿನವರು ಭೂತಗನ್ನಡಿ ಎಂದು ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರವಲ್ಲ, ಎದುರಿಗೇ. ಅವಳಿಗೆ ಅದರಿಂದ ಬೇಸರವೇನೂ ಇರಲಿಲ್ಲ, ಒಳಗೊಳಗೇ ಖುಷಿಯೇ ಇತ್ತು. ಬೇಸರವಾಗುತ್ತಿದ್ದುದು ನನಗೆ. ನನ್ನನ್ನು ಯಾರೂ ಹೆಸರು ಹಿಡಿದೂ ಕರೆಯುತ್ತಿರಲಿಲ್ಲ, ನನಗೊಂದು ಅಡ್ಡಹೆಸರನ್ನು ಇಡುವ ಕಷ್ಟವನ್ನೂ ಯಾರೂ ತೆಗೆದುಕೊಂಡಿರಲಿಲ್ಲ. ನಾನು ಭೂತಗನ್ನಡಿಯ ತಂಗಿ, ಅಷ್ಟೆ.

ಅಕ್ಕನ ಕೆಲಸ ಭತ್ತದ ಗದ್ದೆಯಲ್ಲಿ ಕಳೆ ಕೀಳುವುದು. ಕೇಳಿದವರಿಗೆ ಇದೇನು ಮಹಾ ಅನ್ನಿಸುತ್ತದೆ. ಇಳಿದು ನೋಡಬೇಕು. ಮೊಣಕಾಲಿನವರೆಗೆ ಕೆಸರು, ಬಗ್ಗಿದ ಬೆನ್ನು, ಕಣ್ಣು ಹಾಯಿಸಿದಲ್ಲೆಲ್ಲ ಹಸಿರು. ಆ ಹಸಿರಿನಲ್ಲಿ ಹತ್ತಕ್ಕೊಂದು ಭತ್ತವಲ್ಲ, ಹುಲ್ಲು. ನಮ್ಮ ಅಜ್ಜಿಯ ಕಾಲದಲ್ಲಿ ಬಿತ್ತನೆ ಬೀಜದ ಮೂಟೆಯ ಜೊತೆ ಎಲ್ಲಿಂದಲೋ ಬಂದು ಸೇರಿಕೊಂಡದ್ದಂತೆ. ಅದಕ್ಕೊಂದು ಹೆಸರಿದೆ. ಆದರೆ ಕಳೆ ಕೀಳುವ ಹೆಂಗಸರು ಗದ್ದೆಯಲ್ಲಿ ನಿಂತು ಆ ಹೆಸರು ಹೇಳುವುದಿಲ್ಲ, 'ಅದು' ಎನ್ನುತ್ತಾರೆ. ಏಕೆಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ನಾನೂ ಹಾಗೇ ಕಲಿತವಳು, ಈಗಲೂ ಹಾಗೇ ಹೇಳುತ್ತೇನೆ.

ಅದಕ್ಕೂ ಭತ್ತಕ್ಕೂ ವ್ಯತ್ಯಾಸ ಇಷ್ಟೇ: ಅದರ ಬುಡ ಸ್ವಲ್ಪ ಕೆಂಪು, ಕಾಲು ಚಾಚಿ ಕೂತವರ ಹಾಗೆ ಹೊರಕ್ಕೆ ಬಾಗಿದ ನಿಲುವು, ಎಲೆಯ ನಡುವೆ ಎದ್ದು ಕಾಣುವ ಬಿಳಿ ಗೆರೆ. ಇವು ನಿಂತಲ್ಲಿಂದಲೇ ಕಾಣುವ ಗುರುತುಗಳು. ಅನುಮಾನ ಬಂದರೆ ಬಗ್ಗಿ, ಎಲೆ ಕಾಂಡಕ್ಕೆ ಸೇರುವ ಜಾಗವನ್ನು ಉಗುರಿನಿಂದ ಬಿಡಿಸಿ ನೋಡಬೇಕು. ಭತ್ತಕ್ಕೆ ಅಲ್ಲಿ ತೆಳ್ಳನೆಯ ಬಿಳಿ ನಾಲಿಗೆ ಇರುತ್ತದೆ. ಅದಕ್ಕೆ ನಾಲಿಗೆಯೇ ಇಲ್ಲ. ಹೊಸಬರು ಮೊದಲ ವರ್ಷವೆಲ್ಲ ಹೀಗೆ ನಾಲಿಗೆ ನೋಡಿ ನೋಡಿಯೇ ಕೀಳುತ್ತಾರೆ. ಎರಡನೆಯ ವರ್ಷವೂ ಯಾರಾದರೂ ನಾಲಿಗೆ ನೋಡಿದರೆ ಗದ್ದೆಯ ಈ ತುದಿಯಿಂದ ಆ ತುದಿಗೆ ನಗೆ ಹಬ್ಬುತ್ತದೆ. 'ಏನಮ್ಮಾ ಡಾಕ್ಟರೇ, ಜ್ವರ ಇದೆಯಾ ಅದಕ್ಕೆ?' ಎಂದು ಕಾಡಿಸುತ್ತಾರೆ. ನಾನು ನಾಲ್ಕು ವರ್ಷ ನಾಲಿಗೆ ನೋಡಿದೆ, ನಾಲ್ಕು ವರ್ಷವೂ ನಗೆಪಾಟಲಾದೆ, ಐದನೆಯ ವರ್ಷ ಗದ್ದೆಯನ್ನೇ ಬಿಟ್ಟೆ. ಅಕ್ಕ ತನ್ನ ಹದಿಮೂರನೆಯ ವಯಸ್ಸಿನಲ್ಲಿ ಗದ್ದೆಗಿಳಿದ ಮೊದಲ ವಾರದಲ್ಲೇ ನಾಲಿಗೆ ನೋಡುವುದನ್ನು ಬಿಟ್ಟವಳು. ಅವಳು ನಡೆಯುತ್ತಲೇ ಕೀಳುತ್ತಿದ್ದಳು. ಬಲಗೈ ಒಂದನ್ನು ಕೀಳುವಾಗ ಕಣ್ಣು ಮುಂದಿನ ಮೂರನ್ನು ಹಿಡಿದಿರುತ್ತಿತ್ತು.

ಗದ್ದೆಯನ್ನು ಉದ್ದಕ್ಕೆ ಹುರಿ ಕಟ್ಟಿ ಪಟ್ಟಿಗಳಾಗಿ ಮಾಡುತ್ತಾರೆ. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ. ನಡುವಿನ ಪಟ್ಟಿ ಯಾವಾಗಲೂ ಅಕ್ಕನದು, ಎರಡೂ ಕಡೆಯವರು ಅವಳನ್ನು ನೋಡಿ ಕಲಿಯಲಿ ಎಂದು. ಪಟ್ಟಿ ಮುಗಿದ ಮೇಲೆ ಕಿತ್ತದ್ದನ್ನು ಬದುವಿನ ಮೇಲೆ ಅವರವರ ಪಟ್ಟಿಯ ನೇರಕ್ಕೆ ಗುಡ್ಡೆ ಹಾಕಬೇಕು. ಯಜಮಾನರು ಗದ್ದೆಯ ಕಡೆ ನೋಡುವುದಿಲ್ಲ, ಗುಡ್ಡೆ ನೋಡಿ ಹೋಗುತ್ತಾರೆ. ಅಕ್ಕನ ಗುಡ್ಡೆ ಎಲ್ಲರದಕ್ಕಿಂತ ಎತ್ತರ ಇರುತ್ತಿತ್ತು. ಸುತ್ತಮುತ್ತ ಅವಳು ಇಳಿಯದ ಗದ್ದೆ ಒಂದೂ ಉಳಿದಿರಲಿಲ್ಲ. ಇಪ್ಪತ್ತೈದು ವರ್ಷ, ವರ್ಷಕ್ಕೆ ಎರಡು ಬೆಳೆ, ಬೆಳೆಗೆ ಎರಡು ಸಲ.

ಆಮೇಲೆ ಔಷಧಿ ಬಂತು. ಕಳೆನಾಶಕ. ಅದನ್ನು ಊರಿಗೆ ತಂದ ಅಂಗಡಿಯಲ್ಲಿ ಕೌಂಟರಿನ ಹಿಂದೆ ಕೂತವಳು ಯಾರು ಎಂದು ಕೇಳಿದರೆ, ನಾನೇ. ಇದನ್ನು ಮುಚ್ಚಿಟ್ಟು ಅಕ್ಕನ ಕಥೆ ಹೇಳಿದರೆ ನನ್ನ ಬಾಯಲ್ಲಿ ಹುಳ ಬೀಳಬೇಕು. ಹಸಿರು ಮುಚ್ಚಳದ ಡಬ್ಬಿ. ಔಷಧಿ ಸಿಂಪಡಿಸಿದರೆ ಭತ್ತಕ್ಕೆ ಏನೂ ಆಗುವುದಿಲ್ಲ, ಅದು ಮಾತ್ರ ಹತ್ತು ದಿನದಲ್ಲಿ ಹಳದಿಯಾಗಿ ಕರಗಿ ಹೋಗುತ್ತದೆ. ಮೊದಲ ವರ್ಷ ನನಗೇ ನಂಬಿಕೆಯಾಗಲಿಲ್ಲ. ಒಬ್ಬ ಗಂಡಸು ಬೆನ್ನಿಗೆ ಪಂಪು ಕಟ್ಟಿಕೊಂಡು ಅರ್ಧ ದಿನ ಓಡಾಡಿದರೆ ಮುಗಿಯಿತು. ಹನ್ನೆರಡು ಹೆಂಗಸರು ವಾರಗಟ್ಟಲೆ ಬಗ್ಗಬೇಕಾಗಿಲ್ಲ. ಜನ ಅಂಗಡಿಗೆ ಬಂದು, "ಹೋದ ಸಲದ್ದೇ ಕೊಡಿ" ಎನ್ನುತ್ತಿದ್ದರು. ನಾನು ಹೋದ ಸಲದ್ದೇ ಕೊಡುತ್ತಿದ್ದೆ. ಹನ್ನೆರಡು ವರ್ಷ ಹೋದ ಸಲದ್ದೇ ಕೊಟ್ಟೆ.

ಅಕ್ಕ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ ಸೇರಿದಳು. ನೆಲಮಾಳಿಗೆ, ಕಿಟಕಿಯಿಲ್ಲದ ಗೋಡೆ, ಹಬೆ, ದೊಡ್ಡ ದೊಡ್ಡ ಯಂತ್ರಗಳು ಗಿರಗಿರನೆ ತಿರುಗುವ ಸದ್ದು. ಒಗೆದು ಬಂದ ಬಿಳಿ ಹಾಸುಬಟ್ಟೆಯನ್ನು ಬೆಳಕಿಗೆ ಹಿಡಿದು ಕಲೆ ಉಳಿದಿದೆಯೇ ಎಂದು ನೋಡುವುದು ಅವಳ ಕೆಲಸ. ಅಲ್ಲಿಯೂ ಅವಳ ಕಣ್ಣಿಗೆ ಬೀಳದೆ ಒಂದು ಕಲೆಯೂ ದಾಟುತ್ತಿರಲಿಲ್ಲ. ಆದರೆ ಅವಳು ಆ ಕೆಲಸವನ್ನು ದ್ವೇಷಿಸುತ್ತಿದ್ದಳು. ಮನೆಗೆ ಬಂದು ಬಾಗಿಲ ಬಳಿ ಕೂತು, "ಬಿಳಿಯಲ್ಲಿ ಏನು ನೋಡೋದು ಪುಟ್ಟಿ, ಕುರುಡರಿಗೂ ಕಾಣುತ್ತೆ" ಎನ್ನುತ್ತಿದ್ದಳು. ನನ್ನ ಮೇಲೆ ಒಂದು ಮಾತೂ ಆಡಲಿಲ್ಲ. ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಬೈಯಲಿಲ್ಲವಲ್ಲ, ಅದಕ್ಕೇ ನನಗೆ ಸಿಟ್ಟು.

ಹದಿಮೂರನೆಯ ವರ್ಷ ಅಂಗಡಿಗೆ ಒಬ್ಬ ರೈತ ಬಂದು ಖಾಲಿ ಡಬ್ಬಿಯನ್ನು ಕೌಂಟರಿನ ಮೇಲೆ ಕುಕ್ಕಿದ. "ನೀರು ಬೆರೆಸಿದ್ದೀರಾ ಇದಕ್ಕೆ? ಹನ್ನೆರಡು ದಿನ ಆಯ್ತು. ನಗ್ತಾ ನಿಂತಿದೆ." ನನಗೆ ಪಿತ್ತ ನೆತ್ತಿಗೇರಿತು. ಡಬ್ಬಿಯ ಮೊಹರು ಅವನ ಕೈಯಲ್ಲೇ ಒಡೆದದ್ದು, ನಾನು ನೀರು ಬೆರೆಸುವುದು ಎಲ್ಲಿಂದ? ಮರುದಿನ ಇನ್ನಿಬ್ಬರು ಬಂದರು. ಅದರ ಮರುದಿನ ಐದು ಜನ. ಎಲ್ಲರ ಬಾಯಲ್ಲೂ ಅದೇ ಮಾತು. ನಾನು ಅಂಗಡಿಗೆ ಬೀಗ ಹಾಕಿ ಮೊದಲಿನವನ ಗದ್ದೆಗೆ ಹೋದೆ, ಅವನ ಬಾಯಿ ಮುಚ್ಚಿಸಲೆಂದೇ.

ಹೋಗಿ ಬದುವಿನ ಮೇಲೆ ನಿಂತು ನೋಡಿದೆ. ಅಗಲ ಎಲೆಯ ಕಳೆಗಳೆಲ್ಲ ಸತ್ತು ನೀರಿನಲ್ಲಿ ಕೊಳೆತು ತೇಲುತ್ತಿದ್ದವು. ಜೊಂಡು ಸತ್ತಿತ್ತು. ಅದು ಮಾತ್ರ ನಿಂತಿತ್ತು. ಮೊದಲಿನ ಹಾಗೆ ಕಾಲು ಚಾಚಿಕೊಂಡಿರಲಿಲ್ಲ. ನೆಟ್ಟಗೆ, ಅಚ್ಚುಕಟ್ಟಾಗಿ, ಭತ್ತದ ಪಕ್ಕದಲ್ಲಿ ಭತ್ತದಷ್ಟೇ ಎತ್ತರಕ್ಕೆ ನಿಂತಿತ್ತು, ಎಲೆ ಬಿಡಿಸಿ ನಾಲಿಗೆ ನೋಡಿಯೇ ಗುರುತು ಹಿಡಿಯಬೇಕಾಯಿತು. ನಾನು ಹಠಕ್ಕೆ ಬಿದ್ದು ಮರುದಿನ ಒಂದು ಕುಂಚ ತಂದು, ನೀರು ಬೆರೆಸದ ಔಷಧಿಯನ್ನು ಒಂದೇ ಒಂದು ಬುಡಕ್ಕೆ, ಅದರ ಒಂದೊಂದು ಎಲೆಗೂ ಬಳಿದೆ. ಗುರುತಿಗೆ ಪಕ್ಕದಲ್ಲಿ ಕೋಲು ನೆಟ್ಟೆ. ವಾರ ಬಿಟ್ಟು ಹೋಗಿ ನೋಡಿದರೆ ಎಲೆಗಳ ತುದಿ ಸುಟ್ಟಿತ್ತು, ನಡುವಿನಿಂದ ಹೊಸ ಎಲೆಯೊಂದು ಸುರುಳಿ ಬಿಚ್ಚುತ್ತಿತ್ತು. ಎಳೆ ಹಸಿರು. ನಾನು ಕೋಲು ಕೀಳದೆ ವಾಪಸು ಬಂದುಬಿಟ್ಟೆ.

ಪ್ರಯೋಗಾಲಯದಿಂದ ಒಬ್ಬ ಮೇಡಂ ಬಂದರು. ಕೂದಲು ಕತ್ತರಿಸಿಕೊಂಡಿದ್ದ, ಮೃದು ಮಾತಿನ ಹೆಂಗಸು. ಹತ್ತಾರು ಗದ್ದೆಗಳಿಂದ ಅದರ ಬೀಜ ಆರಿಸಿ ಕಾಗದದ ಲಕೋಟೆಗಳಲ್ಲಿ ತುಂಬಿಕೊಂಡು ಹೋದರು. ಎರಡು ತಿಂಗಳ ಮೇಲೆ, ಔಷಧಿ ಮಾರುವವಳು ನಾನೇ ಆದ್ದರಿಂದ ನನ್ನನ್ನೇ ಕರೆಸಿದರು. ಗಾಜಿನ ಕೋಣೆ, ಒಳಗೆ ಒಂದೇ ಅಳತೆಯ ನೂರಿಪ್ಪತ್ತು ಕುಂಡಗಳು. ಬೇರೆ ಸೀಮೆಯಿಂದ ತಂದ ಬೀಜದ ಕುಂಡಗಳಲ್ಲಿ ಎಲ್ಲ ಸತ್ತು ಮಲಗಿತ್ತು. ನಮ್ಮ ಸುತ್ತಿನ ಗದ್ದೆಗಳ ಕುಂಡಗಳು ಸಾಲುಸಾಲಾಗಿ ಹಸಿರಾಗಿದ್ದವು. "ನಾಲ್ಕು ಬಗೆಯ ಔಷಧಿ ಹಾಕಿದ್ದೀವಿ, ನಾಲ್ಕಕ್ಕೂ ಬಗ್ಗಿಲ್ಲ" ಎಂದರು ಮೇಡಂ. ಆಮೇಲೆ ನನ್ನನ್ನು ಸಾಲಿನ ಕೊನೆಗೆ ಕರೆದುಕೊಂಡು ಹೋದರು. "ಹೋಲಿಕೆಗೆ ಅಂತ ಇಲ್ಲಿ ಒಂದು ಕುಂಡದಲ್ಲಿ ಭತ್ತ ಹಾಕಿದ್ದೀನಿ. ಎಲೆ ಮುಟ್ಟದೆ, ಬರೀ ನೋಡಿ, ಯಾವುದು ಹೇಳಿ?"

ಆರು ಕುಂಡಗಳಿದ್ದವು. ನಾನು ನೋಡಿದೆ. ಬುಡ ನೋಡಿದೆ, ಕೆಂಪು ಯಾವುದರಲ್ಲೂ ಇರಲಿಲ್ಲ. ನಿಲುವು ನೋಡಿದೆ, ಆರೂ ನೆಟ್ಟಗಿದ್ದವು. ಎಲೆಯ ಬಿಳಿ ಗೆರೆಯೂ ಯಾವುದರಲ್ಲೂ ಎದ್ದು ಕಾಣಲಿಲ್ಲ. ಎರಡನೆಯದು ಎಂದೆ. ಅವರು ತಲೆಯಾಡಿಸಿ, "ಚೀಟಿ ಇಲ್ಲದಿದ್ದರೆ ನನಗೂ ಗೊತ್ತಾಗಲ್ಲ" ಎಂದು ನಕ್ಕರು. ಆರು ಕುಂಡಗಳೂ ಸುಮ್ಮನೆ ನಿಂತು ನನ್ನ ಉತ್ತರವನ್ನು ಕೇಳಿಸಿಕೊಂಡವೇನೋ ಅನ್ನಿಸಿತು.

ಮನೆಗೆ ಬಂದರೆ ಅಕ್ಕ ಹೊಸ ರಬ್ಬರ್ ಬೂಟು ಕೊಂಡು ತಂದು ಬಾಗಿಲಲ್ಲಿ ಕೂತಿದ್ದಾಳೆ. ಮುಖದಲ್ಲಿ ಹನ್ನೆರಡು ವರ್ಷದಿಂದ ಕಾಣದ ಕಳೆ. ಬಿತ್ತನೆ ಬೀಜ ಬೆಳೆಯುವ ದೊಡ್ಡ ಗದ್ದೆಯ ಯಜಮಾನರು ಹೇಳಿಕಳಿಸಿದ್ದರು. ಔಷಧಿ ಕೈಕೊಟ್ಟಿದೆ, ಮತ್ತೆ ಕೈಯಲ್ಲೇ ಕೀಳಿಸಬೇಕು, ಹಳಬರಲ್ಲಿ ಗದ್ದೆಗಿಳಿಯಬಲ್ಲವರು ನೀವೊಬ್ಬರೇ ಉಳಿದಿದ್ದೀರಿ ಎಂದು. ಆ ಗದ್ದೆಯ ಭತ್ತವೇ ಮುಂದಿನ ವರ್ಷ ಸುತ್ತಲಿನವರಿಗೆಲ್ಲ ಬೀಜವಾಗಿ ಹೋಗುವುದು. ತೆನೆ ಬಂದಾಗ, ಬೀಜದಲ್ಲಿ ಬೆರಕೆ ಇದೆಯೇ ಎಂದು ತಪಾಸಣೆ ನಡೆಯುತ್ತದೆ. ಅದರಲ್ಲಿ ಗದ್ದೆ ಪಾಸಾದರೆ ಅವರ ಆರೂ ಬೀಜದ ಗದ್ದೆಗಳಿಗೆ ಅಕ್ಕನೇ ಮೇಸ್ತ್ರಿ, ವರ್ಷವಿಡೀ ಕೆಲಸ. ಆಗದಿದ್ದರೆ ಮತ್ತೆ ನೆಲಮಾಳಿಗೆ. ಆಸ್ಪತ್ರೆಯವರು ಒಂದು ಬೆಳೆಯ ಮಟ್ಟಿಗೆ ಮಾತ್ರ ರಜೆ ಕೊಟ್ಟಿದ್ದರು.

"ನಾನು ಆ ಹಬೆಗೆ ಇನ್ನು ಹೋಗಲ್ಲ ಪುಟ್ಟಿ. ಸತ್ತರೂ ಹೋಗಲ್ಲ" ಎಂದಳು.

ಹೇಳಬೇಕಿತ್ತು. ಆರು ಕುಂಡಗಳ ಕಥೆಯನ್ನು ಅಲ್ಲೇ, ಆ ಬಾಗಿಲಲ್ಲೇ ಹೇಳಬೇಕಿತ್ತು. ನಾಲಿಗೆಯ ತುದಿಗೆ ಬಂತು. ಬೂಟಿನೊಳಗೆ ಕಾಲು ತೂರಿಸಿ ಎದ್ದು ನಿಂತು, ಚಿಕ್ಕ ಹುಡುಗಿಯ ಹಾಗೆ ನಾಲ್ಕು ಹೆಜ್ಜೆ ನಡೆದು ತೋರಿಸಿದಳಲ್ಲ, ಹೇಗೆ ಹೇಳುವುದು? ಕೊನೆಗೆ ಹೇಳಿದ್ದು ಇಷ್ಟೇ: "ಅಕ್ಕಾ, ಒಂದ್ಸಲ ನಾಲಿಗೆ ನೋಡ್ಕೊಂಡು ಕೀಳು. ಈಗ ಮೊದಲಿನ ಹಾಗಿಲ್ಲ ಅದು."

ಅವಳ ಹುಬ್ಬು ಗಂಟಿಕ್ಕಿತು. "ನಾಲ್ಕು ವರ್ಷ ನಾಲಿಗೆ ನೋಡಿದೋಳು ನನಗೆ ಹೇಳ್ಕೊಡ್ತೀಯಾ?"

ನನಗೂ ಕೋಪ ಬಂದಿತ್ತು, ಕುಂಡಗಳ ಮಾತು ಎತ್ತದಿರಲು ಆ ಕೋಪ ಅನುಕೂಲವೂ ಆಯಿತು.

ಗದ್ದೆಗೆ ಹನ್ನೆರಡು ಜನ ಇಳಿದರು. ಅಕ್ಕನನ್ನು ಬಿಟ್ಟರೆ ಎಲ್ಲ ಹೊಸಬರು. ಅವರಲ್ಲಿ ಒಬ್ಬಳು ದರ್ಜಿ, ದಪ್ಪ ಕನ್ನಡಕದವಳು, ಅಂಗಡಿ ನಡೆಯದೆ ಬಂದವಳು. ಅವಳಷ್ಟು ನಿಧಾನದವಳನ್ನು ನಾನು ಕಂಡಿಲ್ಲ. ಬಟ್ಟೆಯ ಹೊಲಿಗೆ ಬಿಚ್ಚುವ ಹಾಗೆ ಒಂದೊಂದು ಗಿಡದ ಎಲೆಯನ್ನೂ ಉಗುರಿನಿಂದ ಬಿಡಿಸಿ, ಕನ್ನಡಕ ಮೂಗಿನ ತುದಿಗೆ ತಂದು, ನಾಲಿಗೆ ಇದೆಯೇ ನೋಡಿ, ಆಮೇಲೆ ಕೀಳುವುದೋ ಬಿಡುವುದೋ ತೀರ್ಮಾನ. ಉಳಿದ ಹೊಸಬರದೂ ಹೆಚ್ಚುಕಡಿಮೆ ಅದೇ ರೀತಿ. ಅವರು ಒಂದು ಪಟ್ಟಿ ಮುಗಿಸುವಷ್ಟರಲ್ಲಿ ಅಕ್ಕ ಮೂರು ಮುಗಿಸುತ್ತಿದ್ದಳು. ಹೀಗಾಗಿ ಗದ್ದೆಯ ನಡುವಿನ ದೊಡ್ಡ ಭಾಗವೆಲ್ಲ ಅವಳದೇ ಆಯಿತು. ಅವಳ ಗುಡ್ಡೆ ಬದುವಿನ ಮೇಲೆ ಸೊಂಟದೆತ್ತರ ಬೆಳೆದು, ಜಾಗ ಸಾಲದೆ ಆಚೆ ಕಾಲುವೆಯ ಅಂಚಿಗೂ ಜಾರಿತು. ಯಜಮಾನರು ಬಂದು ನೋಡಿ, "ಕಣ್ಣು ಅಂದರೆ ಇದು" ಎಂದು ಹೋದರು. ದರ್ಜಿಯ ಗುಡ್ಡೆ ಒಂದು ಬುಟ್ಟಿಯಷ್ಟಿತ್ತು. ಅಕ್ಕ ಅವಳನ್ನು ಛೇಡಿಸಿದಳು, "ಏನಮ್ಮಾ ಡಾಕ್ಟರೇ" ಎಂದು. ಪಾಪ ಅವಳು, "ನನಗೆ ಎಲ್ಲ ಒಂದೇ ಥರ ಕಾಣ್ಸುತ್ತೆ ಅಕ್ಕಾ, ಅದಕ್ಕೇ" ಎಂದಳು.

ಎರಡನೆಯ ಸಲ ಕಳೆ ಕೀಳುವ ಹೊತ್ತಿಗೆ ಅಕ್ಕ ಮನೆಯಲ್ಲಿ ಮಾತು ಕಡಿಮೆ ಮಾಡಿದಳು. ಊಟದ ತಟ್ಟೆಯ ಮುಂದೆ ಕೂತು ಗೋಡೆ ನೋಡುತ್ತಿದ್ದಳು. ಕೇಳಿದರೆ, "ಗದ್ದೆ ಚೆನ್ನಾಗಿದೆ" ಎನ್ನುತ್ತಿದ್ದಳು. ಒಂದು ದಿನ ತಾನಾಗಿಯೇ ಹೇಳಿದಳು.

"ಪುಟ್ಟಿ, ಮೊದಲೆಲ್ಲ ನಾನು ಹುಡುಕ್ತಾ ಹೋಗ್ತಿದ್ದೆ. ಈಗ ಹಾಗಲ್ಲ. ನಾನು ಆ ಕಡೆ ಕಣ್ಣು ತಿರುಗಿಸೋ ಮೊದಲೇ ಎಲ್ಲ ಸರಿಯಾಗಿ ನಿಂತ್ಕೊಂಡಿರುತ್ತೆ."

"ಸರಿಯಾಗಿ ಅಂದರೆ?"

"ಸರಿಯಾಗಿ. ಭತ್ತ ಹೇಗಿರಬೇಕೋ ಹಾಗೆ. ತಪ್ಪೇ ಇಲ್ಲ. ಗದ್ದೆ ಅಂದಮೇಲೆ ಒಂದು ಸೊಟ್ಟ ಇರುತ್ತೆ, ಒಂದು ಕುಳ್ಳ ಇರುತ್ತೆ. ನನ್ನ ಪಟ್ಟಿಗಳಲ್ಲಿ ಇಲ್ಲ. ಸೊಟ್ಟಗಿರೋದು ಕಂಡರೆ ಕಿತ್ತು ಹಾಕ್ತೀನಿ. ಹಿಂದೆ ತಿರುಗಿ ನೋಡಿದರೆ ಎಲ್ಲ ನೆಟ್ಟಗೆ."

ಮರುದಿನ ಮಧ್ಯಾಹ್ನ ಅಂಗಡಿಯಿಂದ ನೇರ ಗದ್ದೆಗೆ ಹೋದೆ. ಎಲ್ಲರೂ ಊಟಕ್ಕೆ ಕೂತಿದ್ದರು, ಗದ್ದೆಯಲ್ಲಿ ಯಾರೂ ಇರಲಿಲ್ಲ. ಬದುವಿನ ಮೇಲೆ ನಿಂತೆ. ಗಾಳಿ ಬಂತು. ಎಡಗಡೆಯ ಪೈರು ಬಾಗಿತು, ಅಲೆ ಎದ್ದು ಸಾಗಿತು. ನಡುವಿಗೆ ಬಂದದ್ದೇ ಅಲೆ ನಿಂತುಹೋಯಿತು. ಅಕ್ಕನ ಪಟ್ಟಿಗಳು ಅಲುಗಾಡಲಿಲ್ಲ, ತುದಿಗಳಷ್ಟೇ ಒಂದು ಕ್ಷಣ ತಡವಾಗಿ ಸುಮ್ಮನೆ ನಡುಗಿದವು. ಆ ಪಟ್ಟಿಗಳನ್ನು ದಾಟಿದ ಮೇಲೆ ಬಲಗಡೆಯಲ್ಲಿ ಅಲೆ ಮತ್ತೆ ಎದ್ದು ಹೊರಟುಹೋಯಿತು. ಮೂರು ಸಲ ಗಾಳಿ ಬಂತು, ಮೂರು ಸಲವೂ ಹಾಗೇ. ಹಾಡುಹಗಲು, ತಲೆಯ ಮೇಲೆ ಸೂರ್ಯ, ಅಷ್ಟು ದೂರದಲ್ಲಿ ಹೆಂಗಸರ ನಗು ಕೇಳಿಸುತ್ತಿದೆ. ಆದರೂ ನನಗೆ ಆ ಗದ್ದೆಯೊಳಕ್ಕೆ ಕಾಲಿಡುವ ಧೈರ್ಯ ಬರಲಿಲ್ಲ. ಇಳಿದು ಒಂದೇ ಒಂದು ಎಲೆ ಬಿಡಿಸಿ ನೋಡಿದ್ದರೆ ಸಾಕಿತ್ತು. ನಾಲ್ಕು ವರ್ಷ ಮಾಡಿದ ಕೆಲಸ, ಮರೆತಿರಲಿಲ್ಲ. ನಾನು ಹೇಡಿ. ವಾಪಸು ಅಂಗಡಿಗೆ ಹೋಗಿ ಕೂತೆ.

ಇಪ್ಪತ್ತು ದಿನಗಳ ಮೇಲೆ, ತಪಾಸಣೆಗೆ ಇನ್ನೂ ನಾಲ್ಕು ದಿನ ಇರುವಾಗ, ಬೆಳಿಗ್ಗೆ ದರ್ಜಿಯ ಫೋನು ಬಂತು. "ಸ್ವಲ್ಪ ಬರ್ತೀರಾ? ಅಕ್ಕ ಬದುವಿನ ಮೇಲೆ ಕೂತುಬಿಟ್ಟಿದ್ದಾರೆ. ಕರೆದರೆ ಮಾತಾಡ್ತಿಲ್ಲ."

ಓಡಿದೆ ಎಂದೇ ಹೇಳಬೇಕು, ಈ ವಯಸ್ಸಿನಲ್ಲಿ.

ಅಕ್ಕ ಗದ್ದೆಗೆ ಬೆನ್ನು ಹಾಕಿ ಕೂತಿದ್ದಳು. ಅವಳು ನೋಡುತ್ತಿದ್ದುದು ತನ್ನ ಗುಡ್ಡೆಯನ್ನು. ಐವತ್ತು ದಿನಗಳಿಂದ ಬದುವಿನ ಮೇಲೆ ಬಿದ್ದಿದ್ದ ಗುಡ್ಡೆ. ಮೇಲಿನದೆಲ್ಲ ಒಣಗಿ ಕಂದಾಗಿತ್ತು. ಆದರೆ ಕಾಲುವೆಯ ಅಂಚಿಗೆ ಜಾರಿದ್ದು ನೀರು ತಾಗಿ, ಅಡ್ಡಬಿದ್ದಲ್ಲೇ ಮತ್ತೆ ಬೇರು ಬಿಟ್ಟಿತ್ತು. ಬೇರು ಬಿಟ್ಟು, ತಲೆಯೆತ್ತಿ, ತೆನೆ ಹಾಕಿತ್ತು. ಬಾಗಿದ, ತೆಳು ಹಸಿರಿನ, ಪುಟ್ಟ ಪುಟ್ಟ ಬಿಳಿ ಹೂವಿನ ತೆನೆ. ಮಗುವಿಗೂ ಗುರುತು ಸಿಗುವ ಭತ್ತದ ತೆನೆ. ಒಂದಲ್ಲ ಎರಡಲ್ಲ, ಬದುವಿನ ಉದ್ದಕ್ಕೂ.

ನಾನು ಮೆಲ್ಲಗೆ ಗದ್ದೆಯ ಕಡೆ ತಿರುಗಿದೆ. ಎರಡೂ ಪಕ್ಕದಲ್ಲಿ, ಹೊಸಬರ ಪಟ್ಟಿಗಳಲ್ಲಿ, ಭತ್ತ ಹೂವಿಗೆ ಬಂದಿತ್ತು. ನಡುವೆ, ಹುರಿ ಕಟ್ಟಿದ್ದ ಗೆರೆಯಿಂದ ಗೆರೆಯವರೆಗೆ, ಅಳತೆ ಹಿಡಿದ ಹಾಗೆ, ಅದು. ಎರಡು ದಿನದ ಹಿಂದೆ ಎಲೆಯೊಳಗೆ ಅಡಗಿದ್ದ ತೆನೆಗಳೆಲ್ಲ ಒಟ್ಟಿಗೇ ಹೊರಬಂದು ನಿಂತಿದ್ದವು, ಒರಟು, ಕಂದು, ಮುಳ್ಳುಮುಳ್ಳು. ತೆನೆ ಬರುವವರೆಗೂ ಭತ್ತದ ವೇಷ, ತೆನೆಯಲ್ಲಿ ಮಾತ್ರ ಸುಳ್ಳು ಹೇಳಲು ಬರುವುದಿಲ್ಲ ಅದಕ್ಕೆ. ಬುಡಬುಡವೂ ಮರಿಯೊಡೆದು ಜಾಗವನ್ನೆಲ್ಲ ತುಂಬಿಕೊಂಡಿತ್ತು, ಅಲ್ಲೊಂದು ಇಲ್ಲೊಂದು ಭತ್ತ ಉಳಿದಿದ್ದರೆ ಹೆಚ್ಚು. ಅಕ್ಕ ಎರಡೂ ಸಲ ಬಗ್ಗಿ ಬಗ್ಗಿ ಕಿತ್ತೆಸೆದದ್ದು ಭತ್ತವನ್ನು. ಜೋಪಾನವಾಗಿ ಬಿಟ್ಟು ಬಂದದ್ದು ಅದನ್ನು.

ನಾನು ಅವಳ ಪಕ್ಕ ಕೂತು ಅತ್ತೆ. ಗಾಜಿನ ಕೋಣೆಯ ಕಥೆಯನ್ನು ಅಳುತ್ತಲೇ ಹೇಳಿದೆ, ಆರು ಕುಂಡ, ನನ್ನ ತಪ್ಪು ಉತ್ತರ, ಹೇಳದೆ ಉಳಿದದ್ದು, ಗಾಳಿ ಬಂದ ದಿನ ಇಳಿಯದೆ ಹೋದದ್ದು. ಬೈಯುತ್ತಾಳೆಂದು ಕಾದೆ. ಈಗಲೂ ಬೈಯಲಿಲ್ಲ.

ಮೇಡಂ ಮಧ್ಯಾಹ್ನದ ಹೊತ್ತಿಗೆ ಬಂದರು, ಯಜಮಾನರೂ ಬಂದರು. ಮೇಡಂ ನಡುಪಟ್ಟಿಯೊಳಗೆ ಇಳಿದು ಒಂದಷ್ಟು ಎಲೆ ಬಿಡಿಸಿ ನೋಡಿ ಮೇಲೆ ಬಂದವರು, ಅಕ್ಕ ಯಾರೆಂದು ತಿಳಿಯದೆ, ಎಲ್ಲರಿಗೂ ಕೇಳುವ ಹಾಗೆ ವಿವರಿಸಿದರು. "ಇದು ಒಂದು ಬೆಳೆಯಲ್ಲಿ ಆಗೋದಲ್ಲ. ಇಲ್ಲಿ ಮೊದಲು ಯಾರೋ ತುಂಬ ಚೆನ್ನಾಗಿ ಕೈಯಲ್ಲಿ ಕಳೆ ಕೀಳ್ತಿದ್ದರು. ವರ್ಷಗಟ್ಟಲೆ. ಹುಲ್ಲಿನ ಹಾಗೆ ಕಂಡದ್ದನ್ನೆಲ್ಲ ಕಿತ್ತರು. ಭತ್ತದ ಹಾಗೆ ಕಂಡದ್ದು ಉಳೀತು, ಬೀಜ ಉದುರಿಸ್ತು. ಮುಂದಿನ ಬೆಳೆಯಲ್ಲಿ ಅದರ ಮಕ್ಕಳು. ಅದರಲ್ಲೂ ಹೆಚ್ಚು ಭತ್ತದ ಹಾಗೆ ಕಂಡದ್ದು ಉಳೀತು. ಸಾಧಾರಣ ಕಣ್ಣಾಗಿದ್ದರೆ ಇಷ್ಟು ಪಳಗ್ತಿರಲಿಲ್ಲ. ಆಮೇಲೆ ಬಂದದ್ದು ಔಷಧಿ. ಹನ್ನೆರಡು ವರ್ಷ ಒಂದೇ ಔಷಧಿ. ಅದನ್ನೂ ತಡ್ಕೊಂಡದ್ದು ಉಳೀತು. ಈಗ ಇರೋದು ಆ ಕಣ್ಣನ್ನೂ ದಾಟಿದ್ದು, ಆ ಔಷಧಿಯನ್ನೂ ದಾಟಿದ್ದು. ಇಬ್ಬರು ಸೇರಿ ಸಾಕಿದ ಹಾಗಾಯ್ತು ನೋಡಿ."

ಹೊಸಬರೆಲ್ಲ ಅಕ್ಕನ ಕಡೆ ನೋಡಿದರು, ಆಮೇಲೆ ನನ್ನ ಕಡೆ. ಮೇಡಂಗೆ ಏನೋ ಹೊಳೆದು ಮುಖ ಕೆಂಪಾಯಿತು. ನನಗೆ ಆ ಹೆಂಗಸಿನ ಮೇಲೆ ಕೂಗಾಡಬೇಕೆನಿಸಿತು. ಏನೆಂದು ಕೂಗಾಡುವುದು? ಒಂದೂ ಸುಳ್ಳು ಹೇಳಿರಲಿಲ್ಲ ಅವರು.

ಯಜಮಾನರು ಒಳ್ಳೆಯವರು. ಅಕ್ಕನನ್ನು ಪಕ್ಕಕ್ಕೆ ಕರೆದು, ನಾನು ಕೇಳುವ ಹಾಗೆಯೇ, ಮೆತ್ತಗೆ ಹೇಳಿದರು: "ನಡುವಿನದನ್ನು ಇವತ್ತೇ ಕೊಯ್ಸಿ ಹಾಕೋಣ. ನೀರು ನಿಂತು ಹಾಳಾಯ್ತು ಅಂತ ಬರೆಸ್ತೀನಿ. ಎರಡೂ ಪಕ್ಕ ಶುದ್ಧವಾಗಿದೆ, ತಪಾಸಣೆ ಪಾಸಾಗುತ್ತೆ. ಹೊರಗೆ ಯಾರಿಗೂ ಗೊತ್ತಾಗೋದು ಬೇಡ. ನೀವೇ ಮೇಸ್ತ್ರಿ, ಮಾತು ಮಾತೇ."

ಒಪ್ಪಿಕೋ ಅಕ್ಕಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ನಾಚಿಕೆಯಿಲ್ಲದೆ ಬೇಡಿಕೊಂಡೆ. ಅವಳನ್ನು ಮತ್ತೆ ಆ ಹಬೆಗೆ ಕಳಿಸುವುದು ನನ್ನಿಂದ ಸಾಧ್ಯವಿರಲಿಲ್ಲ.

ಅಕ್ಕ ಬೆಳಿಗ್ಗೆಯಿಂದ ಮೊದಲ ಸಲ ಬಾಯಿ ತೆರೆದಳು. "ನೀವು ದೊಡ್ಡವರು, ಹೇಳಿದಿರಿ. ಆದರೆ ಆರೂ ಗದ್ದೆಯಲ್ಲೂ ನಾನು ಇದನ್ನೇ ಮಾಡ್ತೀನಿ. ಬೇಕು ಅಂತ ಅಲ್ಲ. ನನ್ನ ಕಣ್ಣಿಗೆ ಅದೇ ಭತ್ತ ಈಗ. ಅದರ ಪಕ್ಕ ನಿಜವಾದ ಭತ್ತ ಇಟ್ಟರೆ, ಇದೇನೋ ಸರಿಯಿಲ್ಲ ಅನ್ಸುತ್ತೆ, ಕೈ ತಾನಾಗೇ ಹೋಗುತ್ತೆ." ಆಮೇಲೆ ದರ್ಜಿಯನ್ನು ತೋರಿಸಿದಳು. "ಆ ಡಾಕ್ಟರನ್ನ ಮಾಡಿ ಮೇಸ್ತ್ರಿ. ಅವಳಿಗೆ ಏನೂ ಕಾಣಲ್ಲ, ಅದಕ್ಕೆ ಮುಟ್ಟಿ ನೋಡ್ತಾಳೆ."

ಸಂಜೆಯೊಳಗೆ ನಡುವಿನದನ್ನೆಲ್ಲ ಕೊಯ್ದು, ಬೀಜ ಉದುರದ ಹಾಗೆ ಚೀಲಗಳಲ್ಲಿ ತುಂಬಿಸಿ ಒಯ್ದರು. ಅಕ್ಕನೂ ಕುಡುಗೋಲು ಹಿಡಿದಳು. ನಾನೂ ಹಿಡಿದೆ, ಎಷ್ಟೋ ವರ್ಷಗಳ ಮೇಲೆ. ಯಾರೂ ಅವಳನ್ನು ಭೂತಗನ್ನಡಿ ಎಂದು ಕರೆಯಲಿಲ್ಲ. ಸೋಮವಾರದಿಂದ ಕೆಲಸಕ್ಕೆ ಬರುತ್ತೇನೆಂದು ಆಸ್ಪತ್ರೆಗೆ ಫೋನು ಮಾಡಲು ನನಗೇ ಹೇಳಿದಳು. ಮಾಡಿದೆ.

ಮನೆಗೆ ಹೊರಟೆವು. ರಸ್ತೆ ಎತ್ತರದಲ್ಲಿದೆ, ಎರಡೂ ಕಡೆ ತಗ್ಗಿನಲ್ಲಿ ಊರಿನವರ ಗದ್ದೆಗಳು. ಅವರು ಬೀಜದ ಗದ್ದೆಗಿಂತ ಮೂರು ವಾರ ತಡವಾಗಿ ನಾಟಿ ಮಾಡಿದವರು, ಇನ್ನೂ ಯಾವುದರಲ್ಲೂ ತೆನೆಯಿಲ್ಲ. ಬಿಸಿಲು ಇಳಿಯುತ್ತಿತ್ತು. ಕಣ್ಣು ಹಾಯುವವರೆಗೂ ಒಂದೇ ಎತ್ತರ, ಒಂದೇ ಬಣ್ಣ, ಎಲ್ಲೂ ಒಂದು ಸೊಟ್ಟ ಇಲ್ಲ, ಕುಳ್ಳ ಇಲ್ಲ. ಅಷ್ಟು ಚಂದದ ಪೈರನ್ನು ನಾನು ಹುಟ್ಟಿದ ಮೇಲೆ ಕಂಡಿರಲಿಲ್ಲ. ಗಾಳಿ ಬೀಸುತ್ತಿತ್ತು. ನನ್ನ ಸೆರಗು ಹಾರುತ್ತಿತ್ತು, ಪೈರಿನ ತುದಿಗಳಷ್ಟೇ ಸುಮ್ಮನೆ ನಡುಗುತ್ತಿದ್ದವು.

ಬದುವಿನ ಮೇಲೆ ಕೂತಿದ್ದ ರೈತನೊಬ್ಬ ನಮ್ಮನ್ನು ಕಂಡು ಎದ್ದು ನಿಂತ. ಬೀಜದ ಗದ್ದೆಯ ಸುದ್ದಿ ಅವನಿಗಿನ್ನೂ ಮುಟ್ಟಿರಲಿಲ್ಲ. ಹೆಮ್ಮೆಯಿಂದ ಕೈ ಬೀಸಿ ತನ್ನ ಗದ್ದೆ ತೋರಿಸುತ್ತ ಕೂಗಿದ: "ಅಕ್ಕಾ, ಈ ಸಲ ಪೈರು ಹೇಗೆ ಬಂದಿದೆ ನೋಡಿದಿರಾ? ನೀವೇ ಹೇಳಬೇಕು!"

ಅಕ್ಕ ನಿಂತಳು. ಬಹಳ ಹೊತ್ತು ನೋಡಿದಳು. ಅವಳ ಕೈ ನನ್ನ ತೋಳನ್ನು ಹುಡುಕಿ ಹಿಡಿದುಕೊಂಡಿತು, ಉಗುರು ಒತ್ತುವಷ್ಟು ಬಿಗಿಯಾಗಿ.

"ನಿನಗೆ ಏನು ಕಾಣ್ತಿದೆ ಪುಟ್ಟಿ?" ಎಂದು ಪಿಸುಗುಟ್ಟಿದಳು.

"ಭತ್ತ ಅಕ್ಕಾ."

"ನನಗೂ ಭತ್ತಾನೇ ಕಾಣ್ತಿದೆ" ಎಂದಳು. ರೈತ ಇನ್ನೂ ನಗುತ್ತ ಉತ್ತರಕ್ಕೆ ಕಾಯುತ್ತ ನಿಂತಿದ್ದ.